ಬೇಸ್‌ಮೆಂಟಿನ ಗೋಡೆಗೆ ಇನ್ಸುಲೇಷನ್: ಮೂವರು ಕಾಂಟ್ರಾಕ್ಟರುಗಳು, ಮೂರು ಮಾತು

ಮಿಸಿಸಾಗಾ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ನೆಲಮಾಳಿಗೆಯ ಗೋಡೆಗೆ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ತಡೆಯುವ ಪದರ, ಹಾಕಿಸುವ ಬಗ್ಗೆ ಸಲಹೆ ಬೇಕಿತ್ತು. ಒಂಟಾರಿಯೊದ ಮಿಸಿಸಾಗಾದಲ್ಲಿ ನಾವು ಎರಡು ವರ್ಷಗಳ ಹಿಂದೆ ಕೊಂಡ ಮನೆ 1972ರಲ್ಲಿ ಕಟ್ಟಿದ್ದು. ಮೇಲೆ ಎರಡು ಅಂತಸ್ತು, ಕೆಳಗೆ ಇಡೀ ಮನೆಯಷ್ಟೇ ಅಗಲದ ಬೇಸ್‌ಮೆಂಟ್. ಅದರ ಗೋಡೆ 8 ಅಂಗುಲ ದಪ್ಪದ ಕಾಂಕ್ರೀಟ್. ಒಳಮೈಗೆ ಎಂದೋ ಬಳಿದ ಬಿಳಿ ಬಣ್ಣವನ್ನು ಬಿಟ್ಟರೆ ಬೇರೇನೂ ಇಲ್ಲ. ಸುತ್ತಳತೆ ಸುಮಾರು 37 ಮೀಟರ್. ಗೋಡೆಯ ಮೇಲ್ಭಾಗದ 60 ಸೆಂಟಿಮೀಟರಿನಷ್ಟು ಹೊರಗಾಳಿಗೆ ಮೈಯೊಡ್ಡಿದೆ, ಉಳಿದದ್ದು ಮಣ್ಣಿನೊಳಗಿದೆ.

ಜನವರಿಯಲ್ಲಿ ಮೇಲಿನ ಮನೆಯನ್ನು 21 ಡಿಗ್ರಿಯಲ್ಲಿಟ್ಟರೂ ಕೆಳಗೆ 14ರ ಆಸುಪಾಸಿನಲ್ಲಿರುತ್ತದೆ. ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಕುಳಿತಿರುವುದೇ ಅಲ್ಲಿ ಎಂಬುದು ಬೇರೆ ಮಾತು. ಅಡುಗೆಮನೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಜುಲೈ ಬಂದರೆ ಬೇರೆಯೇ ತೊಂದರೆ: ಬಹುಕಾಲ ಮುಚ್ಚಿಟ್ಟ ಟ್ರಂಕನ್ನು ತೆರೆದಾಗ ಬರುವಂಥ ಮುಗ್ಗಲು ವಾಸನೆ ಮೆಟ್ಟಿಲು ಹತ್ತಿ ಮೇಲಕ್ಕೂ ಬರುತ್ತದೆ. ಈಶಾನ್ಯ ಮೂಲೆಯಲ್ಲಿ ನೆಲದಿಂದ ಒಂದು ಗೇಣಿನ ಎತ್ತರದವರೆಗೆ ಗೋಡೆಯ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ದೇವಮೂಲೆಯಲ್ಲಿ ನೀರಿರಬೇಕೆಂದು ವಾಸ್ತುವಿನವರು ಹೇಳುವುದು ಇದನ್ನಲ್ಲವೆಂದು ನಂಬಿದ್ದೇನೆ.

ಮುಂದಿನ ಚಳಿಗಾಲಕ್ಕೆ ಶಿವಮೊಗ್ಗದಿಂದ ಅಪ್ಪ, ಅಮ್ಮ ಬಂದು ಆರು ತಿಂಗಳು ಇರಲಿದ್ದಾರೆ. ಮೇಲಿನ ಮೂರು ಕೋಣೆಗಳೂ ತುಂಬಿರುವುದರಿಂದ ಬೇಸ್‌ಮೆಂಟಿನಲ್ಲಿ ಅವರಿಗೊಂದು ಮಲಗುವ ಕೋಣೆಯನ್ನು ಮಾಡಬೇಕೆಂದಿದ್ದೇವೆ. ಅದಕ್ಕಾಗಿ ಮೂವರು ಕಾಂಟ್ರಾಕ್ಟರುಗಳನ್ನು ಕರೆಸಿ ತೋರಿಸಿದೆ. ಮೊದಲನೆಯವರು ಕಾಂಕ್ರೀಟಿಗೆ ತಾಗಿಸಿ ಸ್ಟಡ್ ಎಂಬ ನೆಟ್ಟನೆಯ ಮರದ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ನಡುವೆ ಗಾಜಿನ ಎಳೆಗಳಿಂದಾದ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ತುಂಬಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡ್ರೈವಾಲ್ (ಜಿಪ್ಸಂ ಹಲಗೆ) ಹಾಕುತ್ತಾರಂತೆ. ಅವರದೇ ಎಲ್ಲಕ್ಕಿಂತ ಅಗ್ಗ. ಎರಡನೆಯವರು ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗುವ ಸ್ಪ್ರೇ ಫೋಮನ್ನು 3 ಅಂಗುಲ ದಪ್ಪಕ್ಕೆ ಹೊಡೆಯುತ್ತಾರೆ. ಅವರ ಕೊಟೇಶನ್ ಮೊದಲನೆಯದರ ಎರಡರಷ್ಟಿದೆ. ಮೂರನೆಯವರು 2 ಅಂಗುಲದ ಗಟ್ಟಿ ಫೋಮ್ ಬೋರ್ಡನ್ನು ಗೋಡೆಗೆ ಅಂಟಿಸಿ ಅದರ ಮುಂದೆ ಸ್ಟಡ್ ನಿಲ್ಲಿಸೋಣ ಎನ್ನುತ್ತಾರೆ, ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ ಎನ್ನುತ್ತಾರೆ. ಒಬ್ಬರು ಕಡ್ಡಾಯ ಎಂದದ್ದನ್ನು ಇನ್ನೊಬ್ಬರು ಅಪಾಯ ಎನ್ನುತ್ತಿದ್ದಾರೆ.

ಆ ಹಾಳೆ ಬೇಕೇ, ಬೇಡವೇ? ಇದರಿಂದ ಗ್ಯಾಸಿನ ಬಿಲ್ಲು ನಿಜವಾಗಿ ಇಳಿಯುತ್ತದೆಯೇ, ಅಥವಾ ಕೋಣೆ ಬೆಚ್ಚಗಾಗುವುದಷ್ಟೇ ಲಾಭವೇ? ಸ್ವಂತ ಮನೆಯಲ್ಲಿ ಮಾಡಿಸಿದವರು ದಯವಿಟ್ಟು ತಿಳಿಸಿ.

ಮಿನ್ನೆಸೋಟದಿಂದ

ನಿಮ್ಮ ಮೊದಲನೆಯ ಕಾಂಟ್ರಾಕ್ಟರ್ ಹೇಳಿದ್ದನ್ನೇ ನಾನು 2012ರಲ್ಲಿ ಮಿನ್ನಿಯಾಪೊಲಿಸ್ ಹೊರವಲಯದ ನಮ್ಮ ಮನೆಯಲ್ಲಿ ಮಾಡಿಸಿದ್ದೆ. ಅದರ ಕಥೆಯನ್ನು ಹೇಳಿಬಿಡುತ್ತೇನೆ, ತೀರ್ಮಾನ ನಿಮ್ಮದು.

ಮೊದಲ ಎರಡು ಚಳಿಗಾಲ ಬಹಳ ಚೆನ್ನಾಗಿತ್ತು. ಮಕ್ಕಳು ಕೆಳಗೇ ಆಡುತ್ತಿದ್ದರು, ನಾನು ಮಾಡಿದ ಖರ್ಚಿನ ಬಗ್ಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಮೂರನೆಯ ಬೇಸಿಗೆಯಲ್ಲಿ ಸಣ್ಣಗೆ ವಾಸನೆ ಶುರುವಾಯಿತು. ಕಾರ್ಪೆಟ್ ಎಂದುಕೊಂಡು ಕಾರ್ಪೆಟ್ ತೊಳೆಸಿದೆವು. ಆಮೇಲೆ ಲಾಂಡ್ರಿಯ ಮೋರಿ ಎಂದುಕೊಂಡು ಅದನ್ನು ಬಿಚ್ಚಿ ನೋಡಿದೆವು. ಕೊನೆಗೆ 2018ರಲ್ಲಿ ಬೇರೇನೋ ಕಾರಣಕ್ಕೆ ಒಂದು ಸ್ವಿಚ್ ಬೋರ್ಡಿನ ಜಾಗವನ್ನು ಬದಲಿಸಲು ಡ್ರೈವಾಲ್ ಕತ್ತರಿಸಿದಾಗ ಒಳಗಿದ್ದದ್ದು ಗೊತ್ತಾಯಿತು. ಪ್ಲಾಸ್ಟಿಕ್ ಹಾಳೆಯ ಒಳಮಗ್ಗುಲಿನಲ್ಲಿ, ಅಂದರೆ ಗೋಡೆಯ ಕಡೆಗೆ, ನೀರಿನ ಹನಿಗಳು ಸಾಲುಗಟ್ಟಿ ನಿಂತಿದ್ದವು. ಫೈಬರ್‌ಗ್ಲಾಸಿನ ಕೆಳಗಿನ ಒಂದಡಿ ನೆನೆದು ಕುಸಿದಿತ್ತು. ಸ್ಟಡ್ಡುಗಳ ಬುಡದಲ್ಲಿ ಅಡ್ಡ ಮಲಗಿಸಿದ್ದ ಮರದ ಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ನೆನೆದ ರಸ್ಕಿಗೆ ಚುಚ್ಚಿದಂತೆ ಒಳಹೋಗುತ್ತಿತ್ತು. ಬೂಸು ಕರಿಯ ಚುಕ್ಕೆಗಳಾಗಿ ಡ್ರೈವಾಲಿನ ಹಿಂದಿನ ಕಾಗದದ ಉದ್ದಕ್ಕೂ ಹರಡಿತ್ತು.

ಗೋಡೆ ಬಿರುಕು ಬಿಟ್ಟಿರಲಿಲ್ಲ, ಕೊಳಾಯಿ ಸೋರಿರಲಿಲ್ಲ, ಬೇಸ್‌ಮೆಂಟಿಗೆ ಎಂದೂ ನೀರು ನುಗ್ಗಿರಲಿಲ್ಲ. ಹಾಗಿದ್ದರೆ ಆ ನೀರು ಎಲ್ಲಿಂದ ಬಂತು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಊರಿನಲ್ಲಿ ಗೋಡೆ ಒದ್ದೆಯಾದರೆ ಮಳೆ ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕುತ್ತೇವೆ. ನೀರು ಹೊರಗಿನಿಂದ ಬರುವಂಥದ್ದು ಎಂಬುದೇ ನಮ್ಮ ತಲೆಯಲ್ಲಿರುತ್ತದೆ. ಇಲ್ಲಿ ಅರ್ಧ ನೀರು ಕಾಂಕ್ರೀಟಿನ ಮೂಲಕ ಮಣ್ಣಿನಿಂದ ಆವಿಯಾಗಿ ಬಂದದ್ದು, ಇನ್ನರ್ಧ ನಮ್ಮದೇ ಮನೆಯ ಗಾಳಿ ತಂದದ್ದು. ಎರಡಕ್ಕೂ ಹೊರಹೋಗುವ ದಾರಿಯನ್ನು ನಾನೇ ಹಣ ಕೊಟ್ಟು ಮುಚ್ಚಿಸಿದ್ದೆ.

ಎಲ್ಲವನ್ನೂ ಕಿತ್ತು, ಗೋಡೆಯನ್ನು ಒಂದು ಬೇಸಿಗೆಯಿಡೀ ಬರಿದಾಗಿ ಬಿಟ್ಟು, ಆಮೇಲೆ ಫೋಮ್ ಬೋರ್ಡ್ ಹಾಕಿಸಿದೆವು. ಎರಡು ಸಲ ಹಣ ಕೊಟ್ಟಿದ್ದರಿಂದ ಅಗ್ಗದ ಕೊಟೇಶನ್ ಅಗ್ಗವಾಗಿ ಉಳಿಯಲಿಲ್ಲ. ಅಂದು ಕೆಲಸ ಮಾಡಿದವರನ್ನು ನಾನು ದೂರುವುದಿಲ್ಲ. ಆಗ ಹಾಗೆ ಮಾಡುವುದೇ ಬಹುಮಟ್ಟಿಗೆ ರೂಢಿಯಾಗಿತ್ತು.

ಒಟ್ಟಾವಾದ ಎಂಜಿನಿಯರ್

ಕಟ್ಟಡಗಳ ಉಷ್ಣ ಮತ್ತು ತೇವದ ವಿಷಯವೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೇಲೆ ಬರೆದಿರುವ ಮಿತ್ರರಿಗೆ ಆದದ್ದು ಅಪರೂಪವೇನಲ್ಲ. ಕೆನಡಾ ಮೂಲದ ಕಟ್ಟಡ ವಿಜ್ಞಾನಿ ಜೋಸೆಫ್ ಸ್ಟಿಬುರೆಕ್ ಅವರು ಬೇಸ್‌ಮೆಂಟಿನ ಒಳಮೈಗೆ ಪ್ಲಾಸ್ಟಿಕ್ ಹೊದಿಸಬೇಡಿ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೇಸಿಗೆಯಲ್ಲಿ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಲೋಟ ಸೋರುತ್ತಿಲ್ಲ, ಗಾಳಿಯಲ್ಲಿದ್ದ ಆವಿ ತಣ್ಣನೆಯ ಮೈಗೆ ತಾಗಿ ನೀರಾಗಿದೆ. ಎಷ್ಟು ತಣ್ಣಗಾದರೆ ಆವಿ ನೀರಾಗುತ್ತದೆ ಎಂಬುದಕ್ಕೆ ಇಬ್ಬನಿ ಬಿಂದು ಎಂದು ಹೆಸರು. 21 ಡಿಗ್ರಿ ಉಷ್ಣತೆ, ಶೇ. 40 ಆರ್ದ್ರತೆ ಇರುವ ಚಳಿಗಾಲದ ಮನೆಯ ಗಾಳಿಗೆ ಅದು ಸುಮಾರು 7 ಡಿಗ್ರಿ. 25 ಡಿಗ್ರಿ, ಶೇ. 60 ಆರ್ದ್ರತೆಯ ಬೇಸಿಗೆ ಗಾಳಿಗೆ ಸುಮಾರು 17 ಡಿಗ್ರಿ. ಈಗ ನಿಮ್ಮ ಗೋಡೆಯನ್ನು ನೋಡಿ. ಜನವರಿಯಲ್ಲಿ ಅದರ ಮೇಲಿನ 60 ಸೆಂಟಿಮೀಟರ್ ಹೊರಗಾಳಿಯಷ್ಟೇ ತಣ್ಣಗಿರಲು ಹವಣಿಸುತ್ತಿರುತ್ತದೆ. ಜುಲೈಯಲ್ಲಿ ಅದರ ಬುಡ ಆಳದ ಮಣ್ಣಿನ ತಂಪಿಗೆ ಅಂಟಿಕೊಂಡಿರುತ್ತದೆ. ಚಳಿಗಾಲದಲ್ಲಿ ಮೇಲೆ, ಬೇಸಿಗೆಯಲ್ಲಿ ಕೆಳಗೆ, ಹೀಗೆ ವರ್ಷದ ಎರಡು ತುದಿಗಳಲ್ಲೂ ನಿಮ್ಮ ಗೋಡೆ ಆ ಲೋಟವೇ. ಜುಲೈಯ ಮುಗ್ಗಲು ವಾಸನೆಗೆ ಬಹುಪಾಲು ಕಾರಣ ಇದು. ಬೇಸ್‌ಮೆಂಟಿಗೆ ಗಾಳಿ ಬರಲಿ ಎಂದು ಬೇಸಿಗೆಯಲ್ಲಿ ಕಿಟಕಿ ತೆರೆದಿಡುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಅದು ಲೋಟದ ಪಕ್ಕದಲ್ಲಿ ಕುದಿಯುವ ಪಾತ್ರೆಯನ್ನು ತಂದಿಟ್ಟಂತೆ.

ಗೋಡೆಗೆ ಒಳಗಿನಿಂದ ಇನ್ಸುಲೇಷನ್ ಹಾಕಿದ ಮೇಲೆ ಕಾಂಕ್ರೀಟ್ ಮೊದಲಿಗಿಂತ ತಣ್ಣಗಾಗುತ್ತದೆ ಎಂಬುದನ್ನು ಬಹಳ ಜನ ಯೋಚಿಸುವುದಿಲ್ಲ. ಕೋಣೆಯ ಬಿಸಿ ಅದನ್ನು ತಲುಪುವುದು ನಿಂತುಹೋಗುತ್ತದೆ. ಫೈಬರ್‌ಗ್ಲಾಸ್ ಬಿಸಿಯನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನಾಗಲಿ ಆವಿಯನ್ನಾಗಲಿ ತಡೆಯುವುದಿಲ್ಲ. ಆದ್ದರಿಂದ ಕೋಣೆಯ ಗಾಳಿ ಅದರೊಳಗೆ ನುಸುಳಿ ಹೋಗಿ, ಮೊದಲಿಗಿಂತ ತಣ್ಣಗಾದ ಕಾಂಕ್ರೀಟನ್ನು ಮುಟ್ಟಿ ಅಲ್ಲಿ ನೀರು ಬಿಡುತ್ತದೆ. ಅದನ್ನು ತಡೆಯಲೆಂದೇ ಪ್ಲಾಸ್ಟಿಕ್ ಹಾಳೆ ಬಂದದ್ದು. ನೆಲದ ಮೇಲಿನ ಗೋಡೆಯಲ್ಲಿ ಈ ಏರ್ಪಾಡು ಸರಿ, ಏಕೆಂದರೆ ಆ ಗೋಡೆ ಹೊರಮುಖವಾಗಿ ಒಣಗಬಲ್ಲದು. ಮಣ್ಣಿನೊಳಗಿನ ಗೋಡೆಯ ಹೊರಗಡೆ ಸದಾ ತೇವವೇ ಇರುವುದರಿಂದ ಅದಕ್ಕೆ ಒಣಗಲು ಇರುವುದು ಒಳಗಿನ ದಿಕ್ಕು ಒಂದೇ. ಆ ಒಂದು ಬಾಗಿಲಿಗೂ ಪ್ಲಾಸ್ಟಿಕ್ ಹೊಡೆದರೆ ಆಗುವುದೇನೆಂದು ಮೇಲಿನ ಉತ್ತರದಲ್ಲಿದೆ.

ಮೂರನೆಯ ಕಾಂಟ್ರಾಕ್ಟರ್ ಹೇಳಿದ ಕ್ರಮ ಸರಿ, ಆದರೆ ಅವರೂ ಒಂದು ಹೆಜ್ಜೆಯನ್ನು ಹಾರಿಸಿದಂತಿದೆ. ಈಶಾನ್ಯ ಮೂಲೆಯ ಬಿಳಿ ಪುಡಿ ಎಂದರೆ ಕಾಂಕ್ರೀಟಿನ ಮೂಲಕ ನೀರು ಹಾದು ಬಂದು, ಒಳಮೈಯಲ್ಲಿ ಆವಿಯಾಗಿ, ತಾನು ಕರಗಿಸಿ ತಂದ ಲವಣವನ್ನು ಬಿಟ್ಟುಹೋಗಿದೆ ಎಂದರ್ಥ. ಅದಕ್ಕೆ ಮದ್ದು ಗೋಡೆಯ ಹೊರಗಿದೆ. ಆ ಮೂಲೆಯ ಹೊರಗೆ ಚಾವಣಿಯ ಮಳೆನೀರಿನ ಕೊಳವೆ ಇಳಿಯುತ್ತಿದೆಯೇ ನೋಡಿ. ಇಳಿಯುತ್ತಿದ್ದರೆ ಅದರ ಬಾಯನ್ನು ಗೋಡೆಯಿಂದ ಕನಿಷ್ಠ 2 ಮೀಟರ್ ದೂರಕ್ಕೆ ಒಯ್ಯಿರಿ. ಮನೆಯ ಸುತ್ತಲಿನ ಮಣ್ಣು ವರ್ಷಗಳಲ್ಲಿ ಕುಸಿದು ಗೋಡೆಯ ಕಡೆಗೇ ಇಳಿಜಾರಾಗಿರುತ್ತದೆ. ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರಿನಷ್ಟಾದರೂ ಹೊರಮುಖವಾಗಿ ಇಳಿಯುವಂತೆ ಮಣ್ಣು ಹಾಕಿಸಿ. ಇದು ಮುಗಿಯುವವರೆಗೆ ಒಳಗೆ ಒಂದು ಹಲಗೆಯನ್ನೂ ಹೊಡೆಸಬೇಡಿ.

ತೇವ ಎಲ್ಲಿಂದ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಅರ್ಧ ಮೀಟರ್ ಚೌಕದ ತುಂಡನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಹಾಕಿ, ಒಂದೆರಡು ದಿನ ಬಿಡಿ. ಪ್ಲಾಸ್ಟಿಕ್ಕಿನ ಹಿಂದೆ ಹನಿಗಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ, ಮುಂದೆ ಹನಿಗಟ್ಟಿದರೆ ಕೋಣೆಯ ಗಾಳಿಯಿಂದ. ಎರಡೂ ಕಡೆ ಕಂಡರೆ ಎರಡೂ ನಿಜ.

ಇನ್ನು ವಸ್ತುಗಳ ವಿಷಯ. ಇಲ್ಲಿ ಉಷ್ಣನಿರೋಧವನ್ನು ಆರ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಹೆಚ್ಚಾದಷ್ಟೂ ಒಳ್ಳೆಯದು. ನಿಮ್ಮ 8 ಅಂಗುಲದ ಕಾಂಕ್ರೀಟು ಆರ್-1 ಕೂಡ ಆಗಲಾರದು. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಬೋರ್ಡು ಅಂಗುಲಕ್ಕೆ ಆರ್-5, ಇಪಿಎಸ್ ಎಂಬ ಬಿಳಿ ಮಣಿಗಳ ಬೋರ್ಡು ಅಂಗುಲಕ್ಕೆ ಸುಮಾರು ಆರ್-4, ಮುಚ್ಚಿದ ಕೋಶದ ಸ್ಪ್ರೇ ಫೋಮ್ ಅಂಗುಲಕ್ಕೆ ಸುಮಾರು ಆರ್-6. 2 ಅಂಗುಲದ ಎಕ್ಸ್‌ಪಿಎಸ್ಸನ್ನು ಗೋಡೆಗೆ ಸಂದಿಲ್ಲದಂತೆ ಅಂಟಿಸಿ, ಕೂಡುಗೆರೆಗಳಿಗೆ ಟೇಪು ಹಾಕಿ, ಮೇಲೂ ಕೆಳಗೂ ಫೋಮ್ ಸೀಲಂಟ್ ಹಾಕಿದರೆ ಕೋಣೆಯ ಗಾಳಿ ಕಾಂಕ್ರೀಟನ್ನು ಮುಟ್ಟಲಾರದು. ಆ ದಪ್ಪದಲ್ಲಿ ಅದು ಆವಿಯನ್ನು ಸಾಕಷ್ಟು ತಡೆಯುತ್ತದೆ, ಹಾಗೆಂದು ಪ್ಲಾಸ್ಟಿಕ್ ಹಾಳೆಯಂತೆ ಪೂರ್ತಿ ಬಿಗಿಯುವುದೂ ಇಲ್ಲ. ಮುಖ್ಯವಾಗಿ, ನೀರು ತಾಗಿದರೂ ಅದು ಕೊಳೆಯುವ ವಸ್ತುವಲ್ಲ.

ಅದರ ಮುಂದಿನ ಸ್ಟಡ್ಡುಗಳ ನಡುವೆ ಕಲ್ಲುಣ್ಣೆಯನ್ನೂ (ಕಲ್ಲಿನಿಂದ ತೆಗೆದ ನಾರಿನ ಇನ್ಸುಲೇಷನ್) ತುಂಬೋಣವೇ ಎಂದು ಕಾಂಟ್ರಾಕ್ಟರ್ ಕೇಳಬಹುದು. ತುಂಬಬಹುದು, ಆದರೆ ಲೆಕ್ಕ ಹಾಕಿ. ನಿಮ್ಮಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಎಂದಿಟ್ಟುಕೊಂಡರೆ, 2 ಅಂಗುಲ ಫೋಮಿನ ಮುಂದೆ ಆರ್-14 ಕಲ್ಲುಣ್ಣೆ ಇದ್ದಾಗ ಎರಡೂ ಕೂಡುವ ಜಾಗ ಸುಮಾರು 6 ಡಿಗ್ರಿಯಲ್ಲಿರುತ್ತದೆ. ಶೇ. 35 ಆರ್ದ್ರತೆಯ ಗಾಳಿಗೆ ಇದು ಸುರಕ್ಷಿತ, ಶೇ. 45 ಆದರೆ ಅಲ್ಲ. ಚಳಿಗಾಲದಲ್ಲಿ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರನ್ನು ಎಲ್ಲಿಗೆ ತಿರುಗಿಸಿಟ್ಟಿದ್ದೀರಿ ಎಂಬುದರ ಮೇಲೆ ಗೋಡೆಯ ಆಯುಸ್ಸು ನಿಂತಿರುತ್ತದೆ. ನನ್ನನ್ನು ಕೇಳಿದರೆ 3 ಅಂಗುಲದ ಫೋಮ್ ಹಾಕಿ, ಸ್ಟಡ್ಡಿನ ಸಂದನ್ನು ವೈರಿಂಗಿಗೆ ಮಾತ್ರ ಬಿಡಿ ಎನ್ನುತ್ತೇನೆ.

ಉಳಿತಾಯ ಎಷ್ಟು? ಸ್ಥೂಲವಾಗಿ, ನೆಲದ ಮೇಲೆ ಕಾಣುವ 60 ಸೆಂಟಿಮೀಟರನ್ನಷ್ಟೇ ತೆಗೆದುಕೊಳ್ಳೋಣ. 37 ಮೀಟರ್ ಸುತ್ತಳತೆಗೆ ಅದು 22 ಚದರ ಮೀಟರ್. ಬರಿ ಕಾಂಕ್ರೀಟಿನಲ್ಲಿ, ಬೇಸ್‌ಮೆಂಟ್ ಈಗಿನಂತೆ ತಣ್ಣಗೇ ಇದ್ದರೂ, ಒಂದು ಚಳಿಗಾಲಕ್ಕೆ ಸುಮಾರು 5,300 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಅದರ ಮೂಲಕ ಹೋಗುತ್ತದೆ. ಆರ್-15 ಹಾಕಿ, ಕೋಣೆಯನ್ನು 20 ಡಿಗ್ರಿಯವರೆಗೆ ಬೆಚ್ಚಗಿಟ್ಟರೂ ಅದು 650ರ ಸುಮಾರಿಗೆ ಇಳಿಯುತ್ತದೆ. ಶೇ. 95 ದಕ್ಷತೆಯ ಫರ್ನೇಸಿನಲ್ಲಿ ಒಂದು ಘನ ಮೀಟರ್ ಗ್ಯಾಸಿನಿಂದ ಸುಮಾರು 10 ಕಿಲೋವ್ಯಾಟ್ ಗಂಟೆ ಶಾಖ ಸಿಗುವುದರಿಂದ, ಉಳಿಯುವುದು ವರ್ಷಕ್ಕೆ 460 ಘನ ಮೀಟರಿನಷ್ಟು. ನಿಮ್ಮ ಬಿಲ್ಲಿನಲ್ಲಿ ಸಾಗಣೆ, ತೆರಿಗೆ ಎಲ್ಲ ಸೇರಿ ಘನ ಮೀಟರಿಗೆ ಎಷ್ಟಾಗುತ್ತದೆ ಎಂದು ನೋಡಿ ಗುಣಿಸಿಕೊಳ್ಳಿ. ಮಣ್ಣಿನೊಳಗಿನ ಭಾಗದ ಉಳಿತಾಯ ಇದಕ್ಕೆ ಮೇಲೆ ಬರುವಂಥದ್ದು. ಅದು ಚದರ ಮೀಟರಿಗೆ ಕಡಿಮೆ, ಆದರೆ ವಿಸ್ತೀರ್ಣ ದೊಡ್ಡದು. ಡ್ರೈವಾಲ್, ಬಣ್ಣ, ನೆಲಹಾಸು ಎಲ್ಲವನ್ನೂ ಸೇರಿಸಿದ ಖರ್ಚು ಇದರಿಂದ ಬೇಗ ಹಿಂದಿರುಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ಸುಲೇಷನ್ನಿನ ಖರ್ಚನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಲೆಕ್ಕ ಚೆನ್ನಾಗಿದೆ.

ಕೊನೆಯದಾಗಿ, ಫೋಮ್ ಯಾವುದೇ ಆಗಲಿ, ಮನೆಯ ಒಳಗೆ ಬರಿಮೈಯಲ್ಲಿ ಬಿಡುವಂತಿಲ್ಲ. ಬೆಂಕಿ ಹತ್ತಿದರೆ ಅದರ ಹೊಗೆ ಬಹಳ ಕೆಟ್ಟದ್ದು. ಅರ್ಧ ಅಂಗುಲದ ಡ್ರೈವಾಲಾದರೂ ಅದರ ಮೇಲೆ ಬರಲೇಬೇಕು.

ನೇಪರ್‌ವಿಲ್ಲಿನಿಂದ

ಎಂಜಿನಿಯರ್ ಮಹಾಶಯರು ಗೋಡೆಯ ಬಗ್ಗೆ ಬರೆದದ್ದೆಲ್ಲ ಸರಿ, ಆದರೆ ಗೋಡೆಯ ತಲೆಯನ್ನು ಮರೆತರು. ಕಾಂಕ್ರೀಟ್ ಮುಗಿದು ಮನೆಯ ಮರದ ಚೌಕಟ್ಟು ಶುರುವಾಗುವಲ್ಲಿ ಸುತ್ತಲೂ ಒಂದು ಮರದ ಹಲಗೆ ಇರುತ್ತದೆ. ಇಲ್ಲಿ ಅಮೆರಿಕದಲ್ಲಿ ರಿಮ್ ಜಾಯಿಸ್ಟ್ ಎನ್ನುತ್ತಾರೆ, ಕೆನಡಾದವರು ಹೆಡರ್ ಎನ್ನುವುದನ್ನು ಕೇಳಿದ್ದೇನೆ. ನಿಮ್ಮ ಅಡುಗೆಮನೆಯ ನೆಲ ಕೊರೆಯುವುದಕ್ಕೆ ಕಾರಣ ಬಹುಶಃ ಅದೇ. ಚಳಿಗಾಲದಲ್ಲಿ ಮನೆ ಒಂದು ಹೊಗೆಗೂಡಿನಂತೆ ವರ್ತಿಸುತ್ತದೆ: ಬಿಸಿ ಗಾಳಿ ಅಟ್ಟದ ಸಂದುಗಳಿಂದ ಮೇಲೆ ಹೋಗುತ್ತದೆ, ಅದರ ಬದಲಿಗೆ ಹೊರಗಿನ ತಣ್ಣನೆಯ ಗಾಳಿ ಕೆಳಗಿನ ಈ ಸಂದುಗಳಿಂದಲೇ ಒಳಕ್ಕೆ ಎಳೆದುಕೊಳ್ಳಲ್ಪಡುತ್ತದೆ. ಗಾಳಿ ಜೋರಾಗಿರುವ ದಿನ ಒಂದು ಊದುಬತ್ತಿ ಹಚ್ಚಿಕೊಂಡು ಆ ಹಲಗೆಯ ಉದ್ದಕ್ಕೂ ನಡೆಯಿರಿ, ಹೊಗೆ ಎಲ್ಲಿ ಅಡ್ಡ ಬೀಳುತ್ತದೋ ಅಲ್ಲಿ ರಂಧ್ರವಿದೆ.

ನಾನು ಮಾಡಿದ್ದು ಇಷ್ಟೇ: 2 ಅಂಗುಲದ ಫೋಮ್ ಬೋರ್ಡನ್ನು ಪ್ರತಿ ಜೋಡಿ ಜಾಯಿಸ್ಟಿನ (ಮೇಲಿನ ನೆಲವನ್ನು ಹೊರುವ ತೊಲೆಯ) ನಡುವಿನ ಅಳತೆಗೆ ಕತ್ತರಿಸಿ, ಸುತ್ತಲೂ ಬೆರಳಷ್ಟು ಸಂದು ಬಿಟ್ಟು ಒತ್ತಿ ಕೂರಿಸಿ, ಆ ಸಂದಿಗೆ ಡಬ್ಬಿಯ ಫೋಮ್ ಹೊಡೆದೆ. ಮೂರು ಶನಿವಾರ ಹಿಡಿಯಿತು, ಕತ್ತಿನ ನೋವು ನಾಲ್ಕನೆಯ ಶನಿವಾರಕ್ಕೂ ಉಳಿಯಿತು. ಖರ್ಚಿಗೆ ಹೋಲಿಸಿದರೆ ಮನೆಯಲ್ಲಿ ನಾನು ಮಾಡಿದ ಯಾವ ಕೆಲಸವೂ ಇಷ್ಟು ಫಲ ಕೊಟ್ಟಿಲ್ಲ. ಅಲ್ಲಿ ಫೈಬರ್‌ಗ್ಲಾಸಿನ ತುಂಡುಗಳನ್ನು ತುರುಕಿದ್ದರೆ ತೆಗೆದು ನೋಡಿ. ಗಾಳಿ ಸೋಸಿದ ಧೂಳಿನಿಂದ ಅದು ಕಪ್ಪಾಗಿರುತ್ತದೆ.

ಎರಡನೆಯ ಕಾಂಟ್ರಾಕ್ಟರಿನ ಸ್ಪ್ರೇ ಫೋಮನ್ನು ಇಡೀ ಗೋಡೆಗೆ ಹೊಡೆಸುವ ಶಕ್ತಿ ಇಲ್ಲದಿದ್ದರೆ ಇದೊಂದು ಜಾಗಕ್ಕೆ ಮಾತ್ರ ಹೊಡೆಸಬಹುದು. ಆದರೆ ಅವರು ಹೊಡೆದ ದಿನ ಕನಿಷ್ಠ ಒಂದು ಹಗಲು, ಒಂದು ರಾತ್ರಿ ಮನೆ ಬಿಟ್ಟಿರಬೇಕಾಗುತ್ತದೆ. ಮಕ್ಕಳಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕ್ಯಾಲ್ಗರಿಯ ಗೃಹಿಣಿ

ಎಲ್ಲರೂ ತೇವದ ಬಗ್ಗೆಯೇ ಬರೆದಿರುವುದರಿಂದ ನಾನು ಕಣ್ಣಿಗೆ ಕಾಣದ ಇನ್ನೊಂದನ್ನು ನೆನಪಿಸುತ್ತೇನೆ. ಹಿರಿಯರು ಆರು ತಿಂಗಳು ಮಲಗುವ ಕೋಣೆ ಎಂದಿದ್ದೀರಿ. ದಯವಿಟ್ಟು ಕೆಲಸ ಶುರುಮಾಡುವ ಮೊದಲು ರೇಡಾನ್ ಪರೀಕ್ಷೆ ಮಾಡಿಸಿ. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುವಾಗ ಹುಟ್ಟುವ ಈ ಅನಿಲ ನೆಲದ ಬಿರುಕುಗಳಿಂದ ಬೇಸ್‌ಮೆಂಟಿಗೆ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣ ಅದೇ. ಕೆನಡಾದ ಮಾರ್ಗಸೂಚಿಯ ಪ್ರಕಾರ ಘನ ಮೀಟರಿಗೆ 200 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಮೀರಿದರೆ ಕ್ರಮ ಕೈಗೊಳ್ಳಬೇಕು. ನಮ್ಮ ಕಡೆ ಹೆಚ್ಚು ಬರುವ ಮನೆಗಳು ಬಹಳ, ಆದರೆ ಪಕ್ಕದ ಮನೆಯಲ್ಲಿ ಕಡಿಮೆ ಎಂದ ಮಾತ್ರಕ್ಕೆ ನಿಮ್ಮಲ್ಲೂ ಕಡಿಮೆ ಎನ್ನುವಂತಿಲ್ಲ. ಪರೀಕ್ಷೆಯ ಪುಟ್ಟ ಡಬ್ಬಿಯನ್ನು ಚಳಿಗಾಲದಲ್ಲಿ ಕನಿಷ್ಠ ಮೂರು ತಿಂಗಳು ಇಡಬೇಕು. ಹೆಚ್ಚು ಬಂದರೆ ನೆಲದ ಕಾಂಕ್ರೀಟಿಗೆ ಒಂದು ತೂತು ಕೊರೆದು, ಕೊಳವೆ ಮತ್ತು ಫ್ಯಾನ್ ಮೂಲಕ ಅಡಿಯ ಅನಿಲವನ್ನು ಹೊರಕ್ಕೆ ಎಳೆಯುತ್ತಾರೆ. ನಾವು ಹೊಸ ನೆಲಹಾಸು ಹಾಕಿಸಿದ ಮೇಲೆ ಪರೀಕ್ಷೆ ಮಾಡಿಸಿ, ಅದೇ ನೆಲವನ್ನು ಮತ್ತೆ ಕೊರೆಸಬೇಕಾಯಿತು.

ಇನ್ನೊಂದು ಮಾತು: ಮಲಗುವ ಕೋಣೆಯಿದ್ದರೆ ಬೆಂಕಿಯ ಸಮಯದಲ್ಲಿ ಹೊರಬರುವಷ್ಟು ದೊಡ್ಡ ಕಿಟಕಿ ಬೇಕು. ಒಂಟಾರಿಯೊದ ನಿಯಮದಲ್ಲಿ ತೆರೆದ ಜಾಗ ಕನಿಷ್ಠ 0.35 ಚದರ ಮೀಟರ್ ಇರಬೇಕು, ಯಾವ ಬದಿಯೂ 380 ಮಿಲಿಮೀಟರಿಗಿಂತ ಕಿರಿದಾಗಿರಬಾರದು. 1972ರ ಮನೆಯ ಬೇಸ್‌ಮೆಂಟ್ ಕಿಟಕಿ ಅಷ್ಟಿರುವುದು ಕಷ್ಟ. ಕಾಂಕ್ರೀಟ್ ಕತ್ತರಿಸುವ ಆ ಕೆಲಸ ಇನ್ಸುಲೇಷನ್ನಿಗೆ ಮೊದಲೇ ಆಗಬೇಕಲ್ಲವೇ? ಮೂವರಲ್ಲಿ ಒಬ್ಬ ಕಾಂಟ್ರಾಕ್ಟರೂ ಕಿಟಕಿಯ ವಿಷಯ ಎತ್ತಲಿಲ್ಲವೆಂದರೆ ನನಗೆ ಅಷ್ಟೇ ಸಾಕು, ನಾನಾದರೆ ನಾಲ್ಕನೆಯವರನ್ನು ಕರೆಸುತ್ತಿದ್ದೆ.

ಮಿಸಿಸಾಗಾ ನಿವಾಸಿ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳಲ್ಲಿ ಗೊತ್ತಾದದ್ದನ್ನು ತಿಳಿಸುತ್ತೇನೆ.

ಈಶಾನ್ಯ ಮೂಲೆಯ ಹೊರಗೆ ಮಳೆನೀರಿನ ಕೊಳವೆ ಇಳಿಯುತ್ತಿದೆ. ಅದರ ತುದಿಯ ತುಂಡು ಕಳಚಿ ಪೊದೆಯೊಳಗೆ ಬಿದ್ದಿತ್ತು. ಚಾವಣಿಯ ಅರ್ಧದ ನೀರು ಇಷ್ಟು ಕಾಲ ನೇರವಾಗಿ ಅಡಿಪಾಯದ ಬುಡಕ್ಕೆ ಸುರಿಯುತ್ತಿತ್ತು. ಪ್ಲಾಸ್ಟಿಕ್ ತುಂಡಿನ ಪರೀಕ್ಷೆಯನ್ನು ನಾಲ್ಕು ಕಡೆ ಮಾಡಿದೆ. ಆ ಮೂಲೆಯಲ್ಲಿ ಹಿಂದೆ ಹನಿಗಟ್ಟಿತು, ಉಳಿದ ಮೂರು ಕಡೆ ಎರಡು ಮಗ್ಗುಲೂ ಒಣಗಿದ್ದವು. ಊದುಬತ್ತಿಯ ಪರೀಕ್ಷೆ ಮಾಡುವಾಗ ನನ್ನ ಹೆಂಡತಿ ಬಂದು ಬೇಸ್‌ಮೆಂಟಿನಲ್ಲಿ ಪೂಜೆ ಶುರುವಾಯಿತೇ ಎಂದು ಕೇಳಿದಳು. ಡ್ರೈಯರಿನ ಕೊಳವೆ ಹೊರಹೋಗುವ ಜಾಗದಲ್ಲಿ ಹೊಗೆ ಪೂರ್ತಿ ಅಡ್ಡ ಬಿತ್ತು. ಕಿಟಕಿ ಅಳತೆಗೆ ಸಾಲದು. ರೇಡಾನ್ ಡಬ್ಬಿಯನ್ನು ತರಿಸಿದ್ದೇನೆ.

ಮೂರನೆಯ ಕಾಂಟ್ರಾಕ್ಟರಿನ ಕ್ರಮದಲ್ಲೇ, 3 ಅಂಗುಲದ ಬೋರ್ಡಿನೊಂದಿಗೆ ಮುಂದುವರಿಯುವುದೆಂದು ತೀರ್ಮಾನಿಸಿದ್ದೇವೆ, ಆದರೆ ಈ ಮಳೆಗಾಲ ಕಳೆದು ಆ ಮೂಲೆ ಒಣಗಿದ್ದನ್ನು ನೋಡಿದ ಮೇಲೆ. ಹಾಗಾಗಿ ಅಪ್ಪ, ಅಮ್ಮ ಬಂದಾಗ ಮೇಲಿನ ಕೋಣೆಯೊಂದನ್ನು ಅವರಿಗೆ ಬಿಟ್ಟು ಮಕ್ಕಳಿಬ್ಬರನ್ನು ಒಂದೇ ಕೋಣೆಗೆ ಸೇರಿಸುತ್ತೇವೆ. ಕೆಳಗಿನ ಕೋಣೆ ಅದರ ಮುಂದಿನ ವರ್ಷಕ್ಕೆ.

ಉಳಿದಿರುವುದು ಎರಡು ಸಂದೇಹ. ನೆಲಕ್ಕೆ ಏನು ಮಾಡಬೇಕು? ಚಾವಣಿಯ ಎತ್ತರ 7 ಅಡಿ 2 ಅಂಗುಲ ಮಾತ್ರ ಇದೆ. ಮತ್ತು ನಗರದ ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಹಾಳೆ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ?

ಒಟ್ಟಾವಾದ ಎಂಜಿನಿಯರ್

ಇನ್ಸ್‌ಪೆಕ್ಟರ್ ಕೇಳುವುದು ಆವಿತಡೆಯನ್ನು. ಅದು ಪ್ಲಾಸ್ಟಿಕ್ಕೇ ಆಗಿರಬೇಕೆಂದಿಲ್ಲ. 2 ಅಂಗುಲ ಮತ್ತು ಅದಕ್ಕಿಂತ ದಪ್ಪದ ಎಕ್ಸ್‌ಪಿಎಸ್ ತಾನೇ ಆವಿತಡೆಗೆ ನಿಗದಿಯಾದ ಮಿತಿಯೊಳಗೆ ಬರುತ್ತದೆ. ಬೋರ್ಡಿನ ತಯಾರಕರು ಕೊಡುವ ವಿವರಪತ್ರದಲ್ಲಿ ಆವಿ ಹಾಯುವ ಪ್ರಮಾಣ ನಮೂದಾಗಿರುತ್ತದೆ. ಅದನ್ನು ಪರ್ಮಿಟ್ಟಿನ ಅರ್ಜಿಗೇ ಲಗತ್ತಿಸಿ, ನಕ್ಷೆಯ ಮೇಲೆ ಫೋಮ್ ಬೋರ್ಡೇ ಆವಿತಡೆ ಎಂದು ಬರೆಸಿ. ಗೋಡೆ ಮುಚ್ಚುವ ದಿನ ವಾದ ಮಾಡುವುದಕ್ಕಿಂತ ಅರ್ಜಿಯ ದಿನ ಒಪ್ಪಿಸುವುದು ಸುಲಭ.

ನೆಲದಿಂದ ಹೋಗುವ ಶಾಖ ಗೋಡೆಗೆ ಹೋಲಿಸಿದರೆ ಕಡಿಮೆ, ಆದ್ದರಿಂದ ಅಲ್ಲಿ ಹಾಕುವ ಹಣ ಬಿಲ್ಲಿಗಾಗಿ ಅಲ್ಲ, ಪಾದಕ್ಕಾಗಿ. 1 ಅಂಗುಲದ ಎಕ್ಸ್‌ಪಿಎಸ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ವಿನೈಲ್ ಹಲಗೆ ಹಾಕಿದರೆ ಸುಮಾರು 2 ಅಂಗುಲ ಎತ್ತರ ಹೋಗುತ್ತದೆ, 7 ಅಡಿ ಉಳಿಯುತ್ತದೆ. ಕೆಲಸಕ್ಕೆ ಮೊದಲು ಫರ್ನೇಸಿನ ಬಿಸಿಗಾಳಿ ಒಯ್ಯುವ ಡಕ್ಟುಗಳು ಹಾದುಹೋಗುವ ತಗ್ಗಿನ ಜಾಗದಲ್ಲಿ ಅಳತೆ ತೆಗೆದುಕೊಳ್ಳಿ. ಗೋಡೆಯ ಫೋಮೂ ನೆಲದ ಫೋಮೂ ಮೂಲೆಯಲ್ಲಿ ಒಂದಕ್ಕೊಂದು ತಾಗುವಂತಿರಲಿ. ಸ್ಟಡ್ಡಿನ ಬುಡದ ಪಟ್ಟಿಯನ್ನು ಬರಿ ಕಾಂಕ್ರೀಟಿನ ಮೇಲೆ ಕೂರಿಸಲು ಬಿಡಬೇಡಿ, ಕೆಳಗೆ ಫೋಮ್ ಪಟ್ಟಿ ಇರಲಿ. ಡ್ರೈವಾಲನ್ನು ನೆಲಕ್ಕೆ ತಾಗಿಸದೆ ಅರ್ಧ ಅಂಗುಲ ಮೇಲೆ ನಿಲ್ಲಿಸಲು ಹೇಳಿ. ಕಾರ್ಪೆಟ್ ಮಾತ್ರ ಬೇಡ. ಬೇಕೆನಿಸಿದರೆ ಎತ್ತಿ ಬಿಸಿಲಿಗೆ ಹಾಕಬಹುದಾದ ಜಮಖಾನೆ ಹಾಸಿ.

ಕೋಣೆ ಮುಗಿದ ಮೇಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಬೇಕೇ ಬೇಕು. ಶೇ. 50ಕ್ಕೆ ಇಟ್ಟು, ಅದರ ಕೊಳವೆಯನ್ನು ನೆಲದ ಡ್ರೈನಿಗೆ ಬಿಡಿ. ಬಕೆಟ್ ತುಂಬಿದಾಗ ಚೆಲ್ಲುತ್ತೇನೆ ಎಂದು ಹೇಳಿದವರು ಮೂರನೆಯ ವಾರಕ್ಕೆ ಮರೆಯುತ್ತಾರೆ, ನಾನೂ ಮರೆತಿದ್ದೇನೆ.